ಗೊರವಯ್ಯನ ಕೊರಳಿನ ಕವಡೆ: ಕಡಲಿನ ಹುಳು ಕಾಸಾದ ಬಗೆ

ಬೀರೂರಿನ ಮೈಲಾರಲಿಂಗೇಶ್ವರನ ಕಾರ್ಣಿಕ ಕೇಳಲು ಹೋದವರಿಗೆ ಗೊರವಯ್ಯನ ವೇಷ ಹೇಗಿರುತ್ತದೆ ಎಂದು ಹೇಳಬೇಕಿಲ್ಲ. ಕಪ್ಪು ಕಂಬಳಿ, ಕರಡಿ ಕೂದಲಿನ ಟೊಪ್ಪಿಗೆ, ಕೈಯಲ್ಲಿ ಡಮರುಗ, ಕೊರಳಲ್ಲಿ ಕವಡೆ ಸರ. ಎಲ್ಲಮ್ಮನ ಜೋಗಮ್ಮನ ಕೊರಳಲ್ಲೂ ಅದೇ ಕವಡೆ. ಸಿಂಗಾರ ಮಾಡಿದ ಎತ್ತಿನ ಕೊರಳಪಟ್ಟಿಯಲ್ಲೂ ಅದೇ. ಹಾಸನದ ಹಳೇ ಮನೆಗಳಲ್ಲಿ ಹುಡುಕಿದರೆ ಯಾವುದೋ ಡಬ್ಬಿಯಲ್ಲಿ ಚೌಕಾಬಾರ ಆಡುತ್ತಿದ್ದ ನಾಲ್ಕು ಕವಡೆ ಸಿಗುತ್ತವೆ. ಚಿಕ್ಕಮಗಳೂರು, ಹಾಸನ, ಒಂದು ಅಡಿ ಕಡಲ ತೀರವೂ ಇಲ್ಲದ ಎರಡು ಜಿಲ್ಲೆಗಳಲ್ಲಿ ಇಷ್ಟೊಂದು ಕವಡೆ! ಇದೇನು, ಎಲ್ಲಿಂದ ಬಂತು ಎಂದು ಕೇಳಿ ನೋಡಿ. "ಸಮುದ್ರದ್ದು ಕಣ್ರೀ" ಎನ್ನುವಲ್ಲಿಗೆ ಮಾತು ನಿಂತುಬಿಡುತ್ತದೆ. ಅಲ್ಲಿಂದ ಮುಂದಿನ ಕಥೆಯೇ ಸ್ವಾರಸ್ಯದ್ದು.

ಕವಡೆ ಅಂದರೆ ಒಂದು ಬಸವನಹುಳುವಿನ ಚಿಪ್ಪು. ನಮ್ಮ ಕೈಗೆ ಬರುವ ಹೊತ್ತಿಗೆ ಒಳಗಿದ್ದ ಹುಳು ಸತ್ತು, ಕೊಳೆತು, ತೊಳೆದುಹೋಗಿರುತ್ತದೆ. ಮಳೆಗಾಲದಲ್ಲಿ ಕಾಫಿ ತೋಟದವರ ತಲೆ ತಿನ್ನುವ ಆಫ್ರಿಕನ್ ಶಂಖದ ಹುಳು ಇದಕ್ಕೆ ದೂರದ ನೆಂಟ. ಎರಡಕ್ಕೂ ಮೆತ್ತನೆಯ ಮೈ, ತೆವಳಲು ಒಂದೇ ಅಗಲ ಪಾದ, ಬೆನ್ನ ಮೇಲೆ ಸುಣ್ಣದ ಚಿಪ್ಪು. ನೆಂಟಸ್ತಿಕೆ ಅಲ್ಲಿಗೇ ಮುಗಿಯಿತು. ತೋಟದ ಹುಳು ಗಾಳಿ ಉಸಿರಾಡುತ್ತದೆ, ಕವಡೆ ಹುಳುವಿಗೆ ಮೀನಿನ ಹಾಗೆ ಕಿವಿರು. ತೋಟದ ಹುಳುವಿನಲ್ಲಿ ಗಂಡು ಹೆಣ್ಣು ಎರಡೂ ಒಂದೇ ಮೈಯಲ್ಲಿ, ಕವಡೆಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ತೋಟದ ಹುಳುವಿನ ಮೇಲೆ ಉಪ್ಪು ಎರಚಿದರೆ ಸಾಯುತ್ತದೆ, ಕವಡೆ ಇರುವುದೇ ಉಪ್ಪುನೀರಿನಲ್ಲಿ.

ಕವಡೆ ಕುಟುಂಬದಲ್ಲಿ ಇನ್ನೂರಕ್ಕೂ ಹೆಚ್ಚು ಜಾತಿಗಳಿವೆ. ಮುಷ್ಟಿಗಿಂತ ದೊಡ್ಡವೂ ಇವೆ, ಚಿರತೆಯ ಹಾಗೆ ಚುಕ್ಕೆ ಇರುವವೂ ಇವೆ. ನಾವು ಆಡುವ, ಪೋಣಿಸುವ ಚಿಕ್ಕ ಬಿಳಿ ಕವಡೆಗೆ ಸ್ವೀಡನ್ನಿನ ಜೀವವಿಜ್ಞಾನಿ ಲಿನ್ನೇಯಸ್ 1758ರಲ್ಲಿ ಸಿಪ್ರಿಯಾ ಮೊನೆಟಾ ಎಂದು ಹೆಸರಿಟ್ಟ. ಈಗಿನ ಹೆಸರು ಮೊನೆಟೇರಿಯಾ ಮೊನೆಟಾ. ಸಾಮಾನ್ಯವಾಗಿ ಒಂದರಿಂದ ಮೂರು ಸೆಂಟಿಮೀಟರ್ ಉದ್ದ. ಆಫ್ರಿಕಾದ ಪೂರ್ವ ತೀರದಿಂದ ಹಿಡಿದು ಪೆಸಿಫಿಕ್ ದ್ವೀಪಗಳವರೆಗೆ, ಬೆಚ್ಚನೆಯ ನೀರಿರುವ ಕಡೆಯೆಲ್ಲ ಇದು ಸಿಗುತ್ತದೆ. ನಮಗೆ ಹತ್ತಿರದ ಊರು ಅಂದರೆ ಲಕ್ಷದ್ವೀಪ, ಅದರಾಚೆ ಮಾಲ್ಡೀವ್ಸ್.

ಅದರ ಮನೆ ಕಲ್ಲು. ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ತೆರೆದುಕೊಳ್ಳುವ ಬಂಡೆ, ಆ ಬಂಡೆಯ ಹೊಂಡಗಳಲ್ಲಿ ನಿಂತ ನೀರು, ಸತ್ತ ಹವಳದ ಚೂರುಗಳ ಸಂದಿ. ಇಂಥ ಜಾಗದಲ್ಲಿ ಬದುಕುವುದು ಸುಲಭವಲ್ಲ. ಅಲೆ ಬಡಿಯುತ್ತದೆ, ನೀರು ಇಳಿದಾಗ ಬಿಸಿಲು ಒಣಗಿಸುತ್ತದೆ, ಏಡಿ, ಆಕ್ಟೋಪಸ್, ವಿಷದ ಕೊಂಡಿ ಚುಚ್ಚಿ ತಿನ್ನುವ ಕೋನ್ ಶಂಖು ಎಲ್ಲವೂ ಕಾದಿರುತ್ತವೆ. ಅದಕ್ಕೇ ಕವಡೆ ಹಗಲೆಲ್ಲ ಕಲ್ಲಿನಡಿ ಅವಿತಿದ್ದು ಕತ್ತಲಾದ ಮೇಲೆ ಹೊರಗೆ ಬರುತ್ತದೆ. ಬಂಡೆಗೆ ಹತ್ತಿದ ಪಾಚಿಯನ್ನು ಕೆರೆದು ತಿನ್ನುತ್ತದೆ.

ಕೆರೆಯುವುದು ಹಲ್ಲಿನಿಂದಲೇ, ಆದರೆ ನಾವು ಹಲ್ಲು ಅಂದುಕೊಂಡಿರುವ ಹಲ್ಲಿನಿಂದಲ್ಲ. ಕವಡೆಯನ್ನು ಮಗುಚಿದರೆ ಸೀಳಿನ ಎರಡೂ ಕಡೆ ಸಾಲಾಗಿ ಕಾಣುವುದು ಚಿಪ್ಪಿನ ಏಣುಗಳು ಮಾತ್ರ, ಅವು ಏನನ್ನೂ ಕಡಿಯುವುದಿಲ್ಲ. ನಿಜವಾದ ಹಲ್ಲು ಇರುವುದು ನಾಲಿಗೆಯ ಮೇಲೆ. ಪಟ್ಟಿಯಂಥ ಆ ನಾಲಿಗೆಗೆ ರಾಡ್ಯುಲಾ ಎನ್ನುತ್ತಾರೆ. ಅದರ ಮೇಲೆ ಸಾಲು ಸಾಲಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲುಗಳು, ಒಂದೊಂದು ಸಾಲಿಗೆ ಏಳು. ಮುಂದಿನವು ಸವೆದಂತೆ ಹಿಂದಿನಿಂದ ಹೊಸ ಸಾಲು ಬರುತ್ತಲೇ ಇರುತ್ತದೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕವಡೆ ಯಾಕೆ ಅಷ್ಟು ನುಣ್ಣಗೆ, ಹೊಳಪಾಗಿ ಇರುತ್ತದೆ? ಕಡಲ ತೀರದಲ್ಲಿ ಸಿಗುವ ಬೇರೆ ಶಂಖುಗಳನ್ನು ನೋಡಿ. ಹೊರಮೈ ಒರಟು. ಪಾಚಿ ಹತ್ತಿರುತ್ತದೆ, ಇನ್ಯಾವುದೋ ಜೀವಿ ಅಂಟಿ ಕೂತಿರುತ್ತದೆ. ಕವಡೆ ಮಾತ್ರ ಪಿಂಗಾಣಿಯ ಹಾಗೆ. ಯಾರೋ ಪಾಲಿಶ್ ಮಾಡಿದ್ದಾರೆ ಎಂದೇ ಬಹಳ ಜನ ನಂಬಿದ್ದಾರೆ.

ಪಾಲಿಶ್ ಮಾಡಿದ್ದು ಹುಳುವೇ. ಎಲ್ಲ ಬಸವನಹುಳುಗಳಲ್ಲೂ ಚಿಪ್ಪು ಕಟ್ಟುವುದು ಮೈಯ ಅಂಚಿನಲ್ಲಿರುವ ಒಂದು ತೆಳು ಮಾಂಸದ ಪದರ. ಅದಕ್ಕೆ ಮ್ಯಾಂಟಲ್ ಎಂದು ಹೆಸರು. ಕಡಲ ನೀರಿನಲ್ಲಿರುವ ಸುಣ್ಣದ ಅಂಶವನ್ನು ಹೀರಿ, ಪದರ ಪದರವಾಗಿ ಇಟ್ಟು ಗಟ್ಟಿ ಮಾಡುವುದು ಅದರ ಕೆಲಸ. ಬೇರೆ ಹುಳುಗಳಲ್ಲಿ ಈ ಪದರ ಚಿಪ್ಪಿನ ಒಳಗೇ ಇರುತ್ತದೆ. ಕವಡೆಯಲ್ಲಿ ಅದು ಸೀಳಿನ ಎರಡೂ ಕಡೆಯಿಂದ ಹೊರಗೆ ಬಂದು, ಚಿಪ್ಪಿನ ಮೇಲೇರಿ, ಬೆನ್ನ ಮೇಲೆ ಕೂಡಿಕೊಳ್ಳುತ್ತದೆ. ಮಳೆಯಲ್ಲಿ ಕಂಬಳಿ ಹೊದ್ದವರು ಎರಡು ಅಂಚನ್ನೂ ಎದೆಯ ಹತ್ತಿರ ಎಳೆದುಕೊಳ್ಳುತ್ತಾರಲ್ಲ, ಹಾಗೆ. ಜೀವಂತ ಕವಡೆಯನ್ನು ನೀರಿನಲ್ಲಿ ನೋಡಿದರೆ ಎಷ್ಟೋ ಸಲ ಚಿಪ್ಪೇ ಕಾಣುವುದಿಲ್ಲ. ಸಣ್ಣ ಸಣ್ಣ ಕುಚ್ಚುಗಳಿರುವ ಮಾಸಲು ಮಾಂಸದ ಮುದ್ದೆ ಕಾಣುತ್ತದೆ, ಬಂಡೆಯ ಮೇಲಿನ ಪಾಚಿಯೇ ಅನ್ನಿಸುತ್ತದೆ. ಮುಟ್ಟಿದರೆ ಆ ಹೊದಿಕೆ ಎರಡೂ ಕಡೆಗೆ ಸರಿದು ಒಳಗೆ ಹೋಗುತ್ತದೆ, ಆಗ ಹೊಳೆಯುವ ಚಿಪ್ಪು ಹೊರಗೆ ಬೀಳುತ್ತದೆ.

ಹೀಗೆ ಹೊರಗಿನಿಂದಲೂ ಮಾಂಸ ಮುಚ್ಚಿರುವುದರಿಂದ ಎರಡು ಲಾಭ. ಚಿಪ್ಪಿನ ಮೇಲೆ ಪಾಚಿ, ಹುಳ ಯಾವುದೂ ಬೇರು ಬಿಡಲು ಆಗುವುದಿಲ್ಲ. ಜೊತೆಗೆ ಹೊರಮೈಗೆ ಹೊಸ ಹೊಸ ನುಣುಪು ಪದರ ಬಳಿಯುತ್ತಲೇ ಇರಬಹುದು. ಗೀರು ಬಿದ್ದರೆ ಅದರ ಮೇಲೂ ಬಳಿಯುತ್ತದೆ. ಹುಳು ಸತ್ತು ಖಾಲಿ ಚಿಪ್ಪು ಮರಳಿನಲ್ಲಿ ಉರುಳಾಡಿದರೆ ಮಾತ್ರ ಹೊಳಪು ಹೋಗಿ ಸುಣ್ಣದ ಚೂರಿನ ಹಾಗೆ ಮಂಕಾಗುತ್ತದೆ. ಅಂದರೆ ಮಿರಮಿರ ಹೊಳೆಯುವ ಕವಡೆ ನಿಮ್ಮ ಕೈಯಲ್ಲಿದ್ದರೆ ಅದನ್ನು ಜೀವಂತವಾಗಿ ಹಿಡಿದದ್ದೇ ಸರಿ. ಈ ಮಾತನ್ನು ಅಂಗಡಿಯವರು ಹೇಳುವುದಿಲ್ಲ.

ಇನ್ನು ಆಕಾರ. ಬಸವನಹುಳು ಅಂದರೆ ಸುರುಳಿ ಇರಬೇಕಲ್ವಾ? ಕವಡೆಯಲ್ಲಿ ಎಲ್ಲಿದೆ ಸುರುಳಿ? ಇದೆ, ಒಳಗೆ ಮುಚ್ಚಿಹೋಗಿದೆ. ಮರಿ ಕವಡೆಯನ್ನು ನೋಡಿದರೆ ಕವಡೆ ಎಂದೇ ಗೊತ್ತಾಗುವುದಿಲ್ಲ. ತೆಳ್ಳಗೆ, ಅಗಲ ಬಾಯಿ, ತುದಿಯಲ್ಲಿ ಪುಟ್ಟ ಸುರುಳಿ, ಥೇಟ್ ಸಾಮಾನ್ಯ ಶಂಖು. ಬೆಳೆಯುತ್ತಾ ಬಂದ ಹಾಗೆ ಕೊನೆಯ ಸುತ್ತು ಹಿಂದಿನ ಸುತ್ತುಗಳನ್ನೆಲ್ಲ ನುಂಗಿಕೊಳ್ಳುತ್ತದೆ. ಆಮೇಲೆ ಹೊರತುಟಿ ಒಳಕ್ಕೆ ಮಡಚಿಕೊಳ್ಳುತ್ತದೆ, ದಪ್ಪವಾಗುತ್ತದೆ, ಏಣುಗಳು ಮೂಡುತ್ತವೆ, ಬಾಯಿ ಕಿರಿದಾಗಿ ಸೀಳಾಗುತ್ತದೆ. ಪೋಣಿಸಲೆಂದು ಬೆನ್ನು ತೇಯ್ದ ಕವಡೆ ಇದ್ದರೆ ಆ ತೂತಿನಲ್ಲಿ ಇಣುಕಿ ನೋಡಿ, ಒಳಗಿನ ಸುತ್ತು ಕಾಣುತ್ತದೆ.

ಬಾಯಿ ಕಿರಿದು ಮಾಡಿಕೊಂಡದ್ದಕ್ಕೆ ಕಾರಣ ಇದೆ. ನಮ್ಮ ಗದ್ದೆಗಳಲ್ಲಿ ಸಿಗುವ ದೊಡ್ಡ ಬಸವನಹುಳುವಿಗೆ ಬಾಯಿ ಮುಚ್ಚಿಕೊಳ್ಳಲು ಒಂದು ಮುಚ್ಚಳ ಇರುತ್ತದೆ. ಕಡಲಿನ ಎಷ್ಟೋ ಶಂಖುಗಳಿಗೂ ಇರುತ್ತದೆ. ಬೆಳೆದ ಕವಡೆಗೆ ಇಲ್ಲ. ಅದರ ಬದಲು ಏಡಿಯ ಕೊಂಡಿ ತೂರದಷ್ಟು ಇಕ್ಕಟ್ಟಾದ ಬಾಯಿ. ಅದಕ್ಕೂ ಒಂದು ಬೆಲೆ ತೆರಬೇಕು. ತುಟಿ ಒಳಗೆ ಮಡಚಿದ ಮೇಲೆ ಚಿಪ್ಪನ್ನು ಉದ್ದ ಮಾಡಲು ಜಾಗವೇ ಇರುವುದಿಲ್ಲ. ಹಾಗಾಗಿ ಬೆಳೆದ ಕವಡೆ ಉದ್ದವಾಗುವುದಿಲ್ಲ, ದಪ್ಪ ಮಾತ್ರ ಆಗುತ್ತದೆ. ಒಳಗೆ ಮೈಗೆ ಜಾಗ ಸಾಲದಿದ್ದರೆ ಒಳಗಿನ ಹಳೇ ಗೋಡೆಗಳನ್ನು ತಾನೇ ಕರಗಿಸಿ ತೆಳ್ಳಗೆ ಮಾಡಿಕೊಳ್ಳುತ್ತದೆ. ಮೊಟ್ಟೆಯ ವಿಷಯದಲ್ಲೂ ಕವಡೆ ಸ್ವಲ್ಪ ಬೇರೆ. ಹೆಣ್ಣು ಕಲ್ಲಿನಡಿ ಮೊಟ್ಟೆಯ ಗೊಂಚಲು ಅಂಟಿಸಿ ಅದರ ಮೇಲೇ ಕೂತು ಕಾಯುತ್ತದೆ. ಮರಿಗಳು ಹೊರಬಂದು ಕೆಲವು ಕಾಲ ನೀರಿನಲ್ಲಿ ತೇಲಾಡಿ, ಆಮೇಲೆ ಯಾವುದೋ ಬಂಡೆ ಹಿಡಿಯುತ್ತವೆ. ಸಾವಿರಾರು ಕಿಲೋಮೀಟರ್ ದೂರದ ದ್ವೀಪಗಳಲ್ಲೂ ಒಂದೇ ಜಾತಿ ಇರುವುದು ಈ ತೇಲಾಟದಿಂದ.

ಇಲ್ಲಿಯವರೆಗೆ ಹೇಳಿದ್ದರಲ್ಲೇ ದುಡ್ಡಿನ ಗುಣಗಳೆಲ್ಲ ಬಂದುಹೋಗಿವೆ. ಒಂದು ಹಂತದಲ್ಲಿ ಉದ್ದ ಬೆಳೆಯುವುದು ನಿಲ್ಲುವುದರಿಂದ ಒಂದೇ ಊರಿನ ಕವಡೆಗಳು ಹೆಚ್ಚುಕಮ್ಮಿ ಒಂದೇ ಗಾತ್ರ. ದಪ್ಪ ಸುಣ್ಣ, ಆದ್ದರಿಂದ ಬಿದ್ದರೆ ಒಡೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ. ನುಣುಪಾಗಿರುವುದರಿಂದ ಕೈಯಿಂದ ಕೈಗೆ ಹೋದರೂ ಸವೆಯುವುದು ಕಮ್ಮಿ. ಎಲ್ಲಕ್ಕಿಂತ ದೊಡ್ಡದು, ಖೋಟಾ ಮಾಡಲು ಆಗುವುದಿಲ್ಲ. ಬೆಳ್ಳಿಗೆ ಸೀಸ ಬೆರೆಸಬಹುದು, ನಾಣ್ಯದ ಅಂಚು ಕೆರೆಯಬಹುದು. ಕವಡೆಯನ್ನು ಹುಳು ಮಾಡಿದ ಹಾಗೆ ಅಗ್ಗದಲ್ಲಿ ಮಾಡುವ ಕಮ್ಮಟ ಆ ಕಾಲದಲ್ಲಿ ಎಲ್ಲೂ ಇರಲಿಲ್ಲ. ಚಿಪ್ಪನ್ನು ದುಡ್ಡು ಅಂದುಕೊಂಡ ಹಿಂದಿನವರು ಪೆದ್ದರು ಅನ್ನುವ ಮಾತು ಕೇಳಿದಾಗ ನನಗೆ ನಗು ಬರುತ್ತದೆ. ಅವರು ಲೆಕ್ಕ ಹಾಕಿಯೇ ಆರಿಸಿದ್ದರು.

ಕವಡೆಯ ಮೆರವಣಿಗೆ ಬಹಳ ಹಳೆಯದು. ಚೀನಾದ ಆನ್‌ಯಾಂಗ್‌ನಲ್ಲಿ ಸಿಕ್ಕಿದ ಫು ಹಾವೋ ಎಂಬ ರಾಣಿಯ ಸಮಾಧಿಯಲ್ಲಿ ಆರು ಸಾವಿರಕ್ಕೂ ಹೆಚ್ಚು ಕವಡೆಗಳಿದ್ದವು. ಅದು ಈಗಿನಿಂದ ಮೂರು ಸಾವಿರ ವರ್ಷಕ್ಕೂ ಹಿಂದಿನ ಮಾತು. ನಮ್ಮಲ್ಲಿ, ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಅದಾಗಿ ಮೂವತ್ತು ಚಿಲ್ಲರೆ ವರ್ಷಕ್ಕೆ, 1150ರಲ್ಲಿ, ಭಾಸ್ಕರಾಚಾರ್ಯ ಲೀಲಾವತಿ ಬರೆದ. ಲೆಕ್ಕ ಕಲಿಸುವ ಮೊದಲು ಅವನು ಹೇಳಿಕೊಡುವುದು ದುಡ್ಡಿನ ಕೋಷ್ಟಕ: 20 ಕವಡೆಗೆ ಒಂದು ಕಾಕಿಣಿ, 4 ಕಾಕಿಣಿಗೆ ಒಂದು ಪಣ, 16 ಪಣಕ್ಕೆ ಒಂದು ದ್ರಮ್ಮ, 16 ದ್ರಮ್ಮಕ್ಕೆ ಒಂದು ನಿಷ್ಕ. ಗುಣಿಸಿ ನೋಡಿದರೆ ಒಂದು ನಿಷ್ಕಕ್ಕೆ 20,480 ಕವಡೆ. ಹೊಯ್ಸಳರ ಶಾಸನಗಳಲ್ಲಿ ಕಾಣುವುದು ಗದ್ಯಾಣ, ಪಣ, ಹಾಗ, ವೀಸದ ಲೆಕ್ಕ. ಕವಡೆ ಇದ್ದದ್ದು ಲೆಕ್ಕದ ಏಣಿಯ ಕಟ್ಟಕಡೆಯ ಮೆಟ್ಟಿಲಲ್ಲಿ, ಚಿಲ್ಲರೆಯ ಚಿಲ್ಲರೆಯಾಗಿ.

ಇಷ್ಟೊಂದು ಕವಡೆ ಬರುತ್ತಿದ್ದದ್ದು ಮುಖ್ಯವಾಗಿ ಮಾಲ್ಡೀವ್ಸ್‌ನಿಂದ. ಅಲ್ಲಿಯವರು ಹಿಡಿಯುತ್ತಿದ್ದ ಉಪಾಯ ಸೊಗಸಾಗಿದೆ. ತೆಂಗಿನ ಗರಿಗಳನ್ನು ಆಳವಿಲ್ಲದ ನೀರಿನಲ್ಲಿ ತೇಲಿಬಿಡುವುದು. ಕವಡೆಗಳು ಬಂದು ಅದಕ್ಕೆ ಹತ್ತಿಕೊಳ್ಳುತ್ತವೆ. ಗರಿಯನ್ನು ದಡಕ್ಕೆಳೆದರೆ ಆಯಿತು. ಆಮೇಲೆ ಗುಂಡಿಯಲ್ಲಿ ಹೂತು, ಮಾಂಸ ಕೊಳೆತ ಮೇಲೆ ತೆಗೆದು ತೊಳೆಯುವುದು. 1343ರಲ್ಲಿ ಅಲ್ಲಿಗೆ ಹೋಗಿ ಕಾಜಿಯೂ ಆಗಿದ್ದ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಹೀಗೆ ಹೂತು ಕೊಳೆಸುವುದನ್ನು ಬರೆದಿಟ್ಟಿದ್ದಾನೆ. 12,000 ಕವಡೆಗೆ ಒಂದು ಕೊಟ್ಟ ಎಂಬ ಲೆಕ್ಕವಿತ್ತಂತೆ. ಬಂಗಾಳದವರು ಅಕ್ಕಿ ತಂದು ಕೊಟ್ಟು ಕವಡೆ ತುಂಬಿಕೊಂಡು ಹೋಗುತ್ತಿದ್ದರು. ಒಂದು ಚಿನ್ನದ ದಿನಾರಿಗೆ ಅಲ್ಲಿ ನಾಲ್ಕು ಲಕ್ಷ ಕವಡೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಸುಮಾರು ಹತ್ತು ವರ್ಷದ ನಂತರ ಅದೇ ಮನುಷ್ಯ ಸಹಾರಾ ದಾಟಿ ಮಾಲಿ ದೇಶಕ್ಕೆ ಹೋದ. ಅಲ್ಲಿನ ಸಂತೆಯಲ್ಲೂ ಕವಡೆ! ಬೆಲೆ ಮಾತ್ರ ಒಂದು ದಿನಾರಿಗೆ 1,150.

ಈ ಎರಡು ಅಂಕಿಗಳಲ್ಲಿ ಇಡೀ ವ್ಯಾಪಾರ ಅಡಗಿದೆ. ಸುಮಾರು 350 ಪಟ್ಟು ವ್ಯತ್ಯಾಸ. ಆ ವ್ಯತ್ಯಾಸದ ಹೆಸರು ದೂರ. ಹಿಂದೂ ಮಹಾಸಾಗರ, ಕೆಂಪು ಸಮುದ್ರ, ಆಮೇಲೆ ಒಂಟೆಯ ಬೆನ್ನ ಮೇಲೆ ಮರುಭೂಮಿ. ದಾರಿಯಲ್ಲಿ ಕಳೆದುಹೋದವೂ ಉಂಟು. 1964ರಲ್ಲಿ ತಿಯೊಡೋರ್ ಮೊನೊ ಎಂಬ ಫ್ರೆಂಚ್ ವಿಜ್ಞಾನಿಗೆ ಮಾರಿಟೇನಿಯಾದ ಮರಳಿನಲ್ಲಿ ಹೂತಿದ್ದ ಒಂದು ಒಂಟೆ ಸಾರ್ಥದ ಸರಕು ಸಿಕ್ಕಿತು. ಹಿತ್ತಾಳೆಯ ಸರಳುಗಳ ಜೊತೆ ಕವಡೆ. ಹತ್ತಿರದಲ್ಲಿ ಸಿಗುವ ಚಿಪ್ಪು ಚಿಪ್ಪೇ, ದೂರದಿಂದ ಬಂದದ್ದು ಕಾಸು.

ಹಾಗಾದರೆ ದೂರ ಕಮ್ಮಿಯಾದರೆ? ಅದೇ ಆಯಿತು. 16ನೇ ಶತಮಾನದಿಂದ ಪೋರ್ಚುಗೀಸರು, ಆಮೇಲೆ ಡಚ್ಚರು, ಇಂಗ್ಲಿಷರು ಹಡಗಿನ ತಳಕ್ಕೆ ಭಾರವಾಗಿ ಕವಡೆ ತುಂಬಿ ಯುರೋಪಿಗೆ ಒಯ್ದು, ಅಲ್ಲಿಂದ ಪಶ್ಚಿಮ ಆಫ್ರಿಕಾಕ್ಕೆ ಸಾಗಿಸಿದರು. ಅಲ್ಲಿ ಆ ಕವಡೆ ಎಣಿಸಿ ಕೊಂಡದ್ದು ಮನುಷ್ಯರನ್ನು. ಗುಲಾಮರ ವ್ಯಾಪಾರಕ್ಕೆ ಬಟ್ಟೆ, ಬಂದೂಕಿನ ಜೊತೆ ಕವಡೆಯೂ ಒಂದು ಬಂಡವಾಳವಾಗಿತ್ತು. ಬ್ರಿಟಿಷರು 1807ರಲ್ಲಿ ಗುಲಾಮರ ವ್ಯಾಪಾರ ನಿಷೇಧಿಸಿದ ಮೇಲೆ ಬೇಡಿಕೆ ಕುಸಿಯಿತು, ತಾಳೆ ಎಣ್ಣೆಯ ವ್ಯಾಪಾರ ಶುರುವಾದಾಗ ಮತ್ತೆ ಏರಿತು. ಆಗ, 1840ರ ದಶಕದಿಂದ, ಜರ್ಮನ್ ವ್ಯಾಪಾರಿಗಳು ಒಂದು ಒಳದಾರಿ ಕಂಡುಕೊಂಡರು. ಮಾಲ್ಡೀವ್ಸ್ ಯಾಕೆ, ಆಫ್ರಿಕಾದ ಪೂರ್ವ ತೀರದ ಜಾಂಜಿಬಾರ್‌ನಲ್ಲೇ ಇದರ ಅಣ್ಣತಮ್ಮನಂಥ ಇನ್ನೊಂದು ಕವಡೆ ರಾಶಿ ರಾಶಿ ಬಿದ್ದಿದೆಯಲ್ಲ! ಬೆನ್ನ ಮೇಲೆ ಹಳದಿ ಉಂಗುರ ಇರುವ ಆ ಜಾತಿ ಸ್ವಲ್ಪ ದೊಡ್ಡದು. ಸಾಗಿಸುವ ಖರ್ಚು ತೂಕದ ಮೇಲೆ, ಬೆಲೆ ಎಣಿಕೆಯ ಮೇಲೆ. ಅದಕ್ಕೇ ವ್ಯಾಪಾರಿಗಳಿಗೆ ಮಾಲ್ಡೀವ್ಸ್‌ನ ಸಣ್ಣ ಕವಡೆಯೇ ಇಷ್ಟ. ಆದರೂ ಜಾಂಜಿಬಾರ್ ಕವಡೆ ಎಷ್ಟು ಅಗ್ಗವಾಗಿತ್ತು ಅಂದರೆ ತೂಕ ಲೆಕ್ಕಕ್ಕೇ ಬರಲಿಲ್ಲ. ಹಡಗುಗಟ್ಟಲೆ ಸುರಿದರು. ನೋಟು ಅಚ್ಚು ಹಾಕುತ್ತಾ ಹೋದರೆ ಏನಾಗುತ್ತದೋ ಅದೇ ಆಯಿತು, ತಲೆಮಾರುಗಳು ಕೂಡಿಟ್ಟದ್ದು ಕಣ್ಣೆದುರೇ ಕರಗಿತು. ಹುಳುವಿನ ಕವಡೆಯನ್ನು ಖೋಟಾ ಮಾಡಲಾಗಲಿಲ್ಲ, ನಿಜ. ಅಸಲಿಯನ್ನೇ ಬೇಕಾದಷ್ಟು ತಂದು ಸುರಿಯುವುದನ್ನು ತಡೆಯಲು ಮಾತ್ರ ಯಾರಿಂದಲೂ ಆಗಲಿಲ್ಲ.

ಬಂಗಾಳದ ಕಡೆ ಕವಡೆ ಬೇರೆ ರೀತಿಯಲ್ಲಿ ಸತ್ತಿತು. 1778ರಲ್ಲಿ ಸಿಲ್ಹೆಟ್‌ಗೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿ ಹೋದ ರಾಬರ್ಟ್ ಲಿಂಡ್ಸೆ ಎದುರು ಜನ ಕಂದಾಯ ತಂದು ಸುರಿದದ್ದು ಕವಡೆಯಲ್ಲಿ. 4 ಕವಡೆ ಒಂದು ಗಂಡಾ, 20 ಗಂಡಾ ಒಂದು ಪಣ, 16 ಪಣ ಒಂದು ಕಹಾಣ, 4 ಕಹಾಣ ಒಂದು ರೂಪಾಯಿ. ಅಂದರೆ ರೂಪಾಯಿಗೆ 5,120. ಮಾಲ್ಡೀವ್ಸ್ ಕವಡೆ ಒಂದು ಗ್ರಾಮಿಗಿಂತ ಸ್ವಲ್ಪ ಜಾಸ್ತಿ ತೂಗುತ್ತದೆ. ಒಂದೇ ಒಂದು ರೂಪಾಯಿ ಕಂದಾಯ ಅಂದರೆ ಐದಾರು ಕಿಲೋ! ಅದನ್ನು ಇಡಲು ಉಗ್ರಾಣಗಳು, ಢಾಕಾಕ್ಕೆ ಸಾಗಿಸಲು ದೋಣಿಗಳ ಸಾಲು. ಸರ್ಕಾರಕ್ಕೆ ಇದು ಕಿರಿಕಿರಿ, ಬಡವನಿಗೆ ಮಾತ್ರ ಇದೇ ಅನುಕೂಲ. ಒಂದು ಹಿಡಿ ಸೊಪ್ಪು ಕೊಳ್ಳಲು ರೂಪಾಯಿ, ಆಣೆ ಯಾಕೆ ಬೇಕು? ಹತ್ತು ಕವಡೆ ಸಾಕು. ಕಂಪನಿ ಮುಂದೆ ಕಂದಾಯವನ್ನು ಬೆಳ್ಳಿಯಲ್ಲೇ ಕೊಡಬೇಕು ಎಂದು ಹಟ ಹಿಡಿಯಿತು. ಒಡಿಶಾದ ಖುರ್ದಾದಲ್ಲಿ 1817ರಲ್ಲಿ ಪಾಯಿಕರು ಎಂಬ ಸೈನಿಕರು ದಂಗೆ ಎದ್ದದ್ದಕ್ಕೆ ಹೇಳುವ ಕಾರಣಗಳಲ್ಲಿ ಕವಡೆ ಚಲಾವಣೆ ನಿಲ್ಲಿಸಿದ್ದೂ ಒಂದು.

ನಮ್ಮ ಘಟ್ಟದ ಮೇಲಿನ ಊರುಗಳಿಗೆ ಕವಡೆ ಬಂದ ದಾರಿ ಊಹಿಸುವುದು ಕಷ್ಟವಲ್ಲ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ದ್ವೀಪಗಳು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಯವರು ಹಾಯಿದೋಣಿಗಳಲ್ಲಿ ತೆಂಗಿನ ನಾರು, ಕೊಬ್ಬರಿ ತಂದು ಮಂಗಳೂರಿನಲ್ಲಿ ಕೊಟ್ಟು ಅಕ್ಕಿ ಒಯ್ಯುತ್ತಿದ್ದರು. ಮಂಗಳೂರಿನಿಂದ ಉಪ್ಪು, ಒಣಮೀನು ಹೇರಿನೆತ್ತುಗಳ ಮೇಲೆ ಘಟ್ಟ ಹತ್ತುತ್ತಿದ್ದವು. ಆ ಹೇರಿನಲ್ಲೇ ಒಂದು ಚೀಲ ಕವಡೆಯೂ ಬಂದಿರಬೇಕು. ದುಡ್ಡಾಗಿ ಸತ್ತ ಮೇಲೂ ಅದು ದೇವರ ಕೊರಳು, ಎತ್ತಿನ ಕೊರಳು, ಆಟದ ಮನೆ ಬಿಡಲಿಲ್ಲ.

ಆಟದ ವಿಷಯ ಬಂತು, ಒಂದು ಮಾತು. ಚೌಕಾಬಾರದಲ್ಲಿ ನಾಲ್ಕೂ ಬಾಯಿ ಮೇಲಾದರೆ ಚೌಕ, ನಾಲ್ಕೂ ಮಗುಚಿ ಬಿದ್ದರೆ ಬಾರ, ಎಂಟು. ನಾಣ್ಯ ಚಿಮ್ಮಿದ ಹಾಗೆ ಇಲ್ಲಿ ಸಮ ಅವಕಾಶ ಎಂದು ತಿಳಿಯಬೇಡಿ. ಕವಡೆಯ ಬಾಯಿ ಕಡೆ ಚಪ್ಪಟೆ, ಬೆನ್ನು ಗುಂಡಗೆ. ಬೆನ್ನು ತೇಯ್ದ ಕವಡೆಯಲ್ಲಿ ಎರಡೂ ಕಡೆ ಚಪ್ಪಟೆ. ಒಂದು ಬಗೆಯದು ಬಿದ್ದ ಹಾಗೆ ಇನ್ನೊಂದು ಬೀಳುವುದಿಲ್ಲ. ಕವಡೆ ಬದಲಾಯಿಸಿದ ಮೇಲೆ ಗರ ಬೀಳುವುದೇ ನಿಂತಿತು ಎಂದು ಗೊಣಗುವ ಅಜ್ಜಿಯರ ಮಾತಿನಲ್ಲಿ ಹುರುಳಿದೆ.

ಈಗ ಪ್ಲಾಸ್ಟಿಕ್ ಕವಡೆಯೂ ಬಂದಿದೆ. ಜಾತ್ರೆಯ ಅಂಗಡಿಯಲ್ಲಿ ಕೊಳ್ಳುವಾಗ ಕೆನ್ನೆಗೆ ಒತ್ತಿ ನೋಡಿ. ಅಸಲಿ ತಣ್ಣಗಿರುತ್ತದೆ, ತೂಕವಾಗಿಯೂ ಇರುತ್ತದೆ. ಒಂದು ಹನಿ ನಿಂಬೆಹುಳಿ ಬಿಟ್ಟರೆ ಅಸಲಿಯ ಮೇಲೆ ಸಣ್ಣ ಗುಳ್ಳೆ ಏಳುತ್ತವೆ. ಸುಣ್ಣಕ್ಕೆ ಹುಳಿ ತಾಗಿದ ಲಕ್ಷಣ ಅದು. ಹೊಳಪೂ ಅಲ್ಲಿಗೆ ಹೋಗುತ್ತದೆ, ಅದಕ್ಕೆ ಮೂಲೆಯಲ್ಲೆಲ್ಲೋ ಪರೀಕ್ಷಿಸಿ. ಅಸಲಿಯೇ ಆದರೆ ಅದು ಯಾವ ಜಾತಿ ಎಂದೂ ನೋಡಬಹುದು. ಬೆನ್ನ ಮೇಲೆ ಹಳದಿ ಉಂಗುರ ಎದ್ದು ಕಂಡು, ಅಂಚು ನುಣ್ಣಗೆ ಮೊಟ್ಟೆಯ ಹಾಗಿದ್ದರೆ ಅದು ಜಾಂಜಿಬಾರ್ ವ್ಯಾಪಾರಿಗಳು ಸುರಿದ ಉಂಗುರ ಕವಡೆಯ ಜಾತಿ. ಬಿಳಿ ಅಥವಾ ತಿಳಿ ಹಳದಿ ಬಣ್ಣ, ಹಿಂದಿನ ತುದಿಯ ಹತ್ತಿರ ಅಗಲವಾಗಿ ಗಂಟು ಗಂಟಾಗಿದ್ದರೆ ಲೀಲಾವತಿಯ ಕೋಷ್ಟಕದ ಅಸಲಿ ಕಾಸಿನ ಕವಡೆ. ಬೆನ್ನು ತೇಯ್ದಿದ್ದರೆ ಉಂಗುರವೂ ತೇಯ್ದುಹೋಗಿರುತ್ತದೆ. ಆಗ ಅಂಚಿನ ಗಂಟುಗಳನ್ನೇ ನಂಬಬೇಕು.